ಹಗ್ಗ ಹಿಡಿದವನ ಹೊಣೆ

ಮಾರ್ಚ್ ೪, ೧೯೩೬, ಬೆಳಿಗ್ಗೆ

ಇವತ್ತೂ ಸ್ನಾನದ ಸರದಿ ತಪ್ಪಿತು. ಭಾವ ಬಚ್ಚಲಲ್ಲಿ. ನದಿಯ ಮೇಲೆ ಹಡಗಿನಲ್ಲೇ ಬದುಕಿದವರು, ನೀರು ಕಂಡರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಹಡಗು ಒಡೆದು ದಂಡೆ ಹತ್ತಿದಾಗಿನಿಂದ ಅಕ್ಕ, ಭಾವ ಇಬ್ಬರೂ ನನ್ನ ಒಂಟಿ ಕೋಣೆಯಲ್ಲಿ ಲಂಗರು ಹಾಕಿದ್ದಾರೆ.

ವಕೀಲನಾದ ಮೇಲೆ ಇದೇ ಮೊದಲ ಕೇಸು. ಕಕ್ಷಿದಾರ ಭಾವ, ಆದ್ದರಿಂದ ಫೀ ಅಭಾವ.

ತಮಾಷೆ ಸಾಕು. ಸೋತರೆ ತಪ್ಪು ಭಾವನದೇ ಎಂದಾಗುತ್ತದೆ. ಹಡಗು ನಡೆಸುವ ಲೈಸೆನ್ಸ್ ಹೋಗುತ್ತದೆ. ಆಮೇಲೆ ಅವರ ಚಿಕ್ಕಪ್ಪನ ಉಗ್ರಾಣದಲ್ಲಿ ಗುಮಾಸ್ತಿಕೆ. ಮೇಜಿನ ಹಿಂದೆ ಭಾವ! ಬಾವಿಯಲ್ಲಿ ತಿಮಿಂಗಿಲ.

ಅದೇ ದಿನ, ಸಂಜೆ

ನಾಳೆ ಕೋರ್ಟಿನಲ್ಲಿ ತೊದಲಬಾರದು. ಒಮ್ಮೆ ಬರೆದು ನೋಡುತ್ತೇನೆ.

ದಕ್ಕೆಯಲ್ಲಿ, ಅಂದರೆ ಹಡಗು ನಿಲ್ಲಿಸುವ ಕಟ್ಟೆಯಲ್ಲಿ, ಜಾಗ ಕಡಿಮೆ. ತಡವಾಗಿ ಬಂದ ಹಡಗು ಮೊದಲೇ ನಿಂತದ್ದರ ಹೊರಮಗ್ಗುಲಿಗೆ ಬಂದು ಹಗ್ಗ ಎಸೆಯುತ್ತದೆ. ಒಳಗಿನ ಹಡಗಿನವನು ಅದನ್ನು ಹಿಡಿದು, ತನ್ನ ಡೆಕ್ ದಾಟಿಸಿ, ದಕ್ಕೆಯ ಗೂಟಕ್ಕೆ ಕಟ್ಟಿದನೋ, ಮುಗಿಯಿತು. ಇಳಿತದಲ್ಲಿ ನೀರು ತಗ್ಗಿದಂತೆಲ್ಲ ಆ ಹಗ್ಗ ಸಡಿಲಿಸುವ ಹೊಣೆ ಹಿಡಿದವನದೇ. ತಲೆತಲಾಂತರದ ವಾಡಿಕೆ. ಯಾವ ಕಾನೂನು ಪುಸ್ತಕದಲ್ಲೂ ಇಲ್ಲ.

ಹಡಗು ಒಡೆದ ಆ ರಾತ್ರಿ ಭಾವನ ಹಗ್ಗ ಹಿಡಿದವನು ಸ್ಟೀಮರ್ ಕಂಪನಿಯ ಕ್ಯಾಪ್ಟನ್. ಸಡಿಲಿಸಲಿಲ್ಲ. ನೀರು ಇಳಿಯಿತು, ನಮ್ಮ ಹಡಗು ಹಗ್ಗಕ್ಕೆ ನೇತುಬಿದ್ದು ವಾಲಿತು, ಪಕ್ಕೆಯ ಹಲಗೆಗಳು ಬಿರಿದವು.

ಮಾರ್ಚ್ ೫

ಮೈಯೆಲ್ಲ ಉರಿ. ಕಟಕಟೆಯಲ್ಲಿ ಕ್ಯಾಪ್ಟನ್ ಹೇಳಿದ್ದು: "ನಾನು ಹಗ್ಗ ಮುಟ್ಟೇ ಇಲ್ಲ ಸ್ವಾಮಿ. ಅವರೇ ಹತ್ತಿ ಬಂದು ಕಟ್ಕೊಂಡ್ರು. ವಾಡಿಕೆಯಂತೆ! ಯಾವ ವಾಡಿಕೆ?"

ಗಂಟಲು ಹರಿಯುವಷ್ಟು ವಾದಿಸಿದೆ. ಜಡ್ಜ್ ಸಾಹೇಬರು, "ವಕೀಲರೇ, ಸಾಕ್ಷಿ ಇದೆಯೋ, ಬರೀ ಸ್ವರ ಇದೆಯೋ?" ಎಂದರು. ಕೊನೆಗೆ ತಾವೇ ದಕ್ಕೆಗೆ ಬಂದು ನೋಡುವುದಾಗಿ ಹೇಳಿ ಎದ್ದರು.

ಮನೆಗೆ ಬಂದರೆ ಅಕ್ಕ, "ಸುಳ್ಳು ಹೇಳಿ ರೂಢಿ ಇರೋನ ಮುಖ ಅಲ್ಲ ಕಣೋ ಆ ಕ್ಯಾಪ್ಟನ್‌ದು."

"ನೀನು ಯಾರ ಕಡೆ ಅಕ್ಕ?"

"ಹಡಗಿನ ಕಡೆ. ನಿನ್ನ ಗೊರಕೆಯಿಂದ ನನಗೆ ಬಿಡುಗಡೆ ಬೇಕು."

ಮಾರ್ಚ್ ೧೭, ಮಧ್ಯಾಹ್ನ

ಊಟ ಆಮೇಲೆ, ಇದನ್ನು ಮೊದಲು ಬರೆದಿಡಬೇಕು!

ಜಡ್ಜ್ ಸಾಹೇಬರು ಬಂದರಿಗೆ ಬಂದರು. ಲಾಂಚಿನಲ್ಲಿ. ದಕ್ಕೆ ಭರ್ತಿ, ಲಾಂಚ್ ಸ್ಟೀಮರಿನ ಹೊರಮಗ್ಗುಲಿಗೆ ಬಂತು. ಕ್ಯಾಪ್ಟನ್ ಡೆಕ್ಕಿನಲ್ಲಿ ನನ್ನೊಡನೆ ಜಗಳದಲ್ಲಿದ್ದ. ಲಾಂಚಿನವನು ಹಗ್ಗ ಎಸೆದ. ಬೈಗುಳ ನಿಲ್ಲಿಸದೆಯೇ ಕ್ಯಾಪ್ಟನ್ ಹಿಡಿದ, ಡೆಕ್ ದಾಟಿಸಿದ, ಗೂಟಕ್ಕೆ ಕಟ್ಟಿದ!

ಕೂಗಲು ಬಾಯಿ ತೆರೆದೆ. ಭಾವ ತೋಳು ಚಿವುಟಿದರು. "ಸುಮ್ನಿರೋ. ನೀರು ಇಳೀಲಿ."

ಡೆಕ್ಕಿನಲ್ಲೇ ಕುರ್ಚಿ ಹಾಕಿ ವಿಚಾರಣೆ. ಕ್ಯಾಪ್ಟನ್ ಶುರು ಮಾಡಿದ: "ಬೇರೆಯವರ ಹಗ್ಗಕ್ಕೂ ನಮಗೂ ಸಂಬಂಧ ಇಲ್ಲ ಸ್ವಾಮಿ... ಒಂದ್ನಿಮಿಷ." ಎದ್ದುಹೋಗಿ ಲಾಂಚಿನ ಹಗ್ಗ ಸಡಿಲಿಸಿ ಬಂದು ಕೂತ. "ಹಾಂ, ಸಂಬಂಧವೇ ಇಲ್ಲ." ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ. ಮತ್ತೆ ಕೂತ. ನಾನು ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

ಮತ್ತೊಮ್ಮೆ ಎದ್ದಾಗ ಜಡ್ಜ್ ಸಾಹೇಬರು ತಲೆಯೆತ್ತದೆ ಕೇಳಿದರು: "ಎಲ್ಲಿಗೆ?"

"ಹಗ್ಗ ಬಿಗೀತಾ ಇದೆ ಸ್ವಾಮಿ."

"ಯಾರ ಹಗ್ಗ?"

ಕ್ಯಾಪ್ಟನ್ ನಿಂತಲ್ಲೇ ನಿಂತ. ತನ್ನ ಕೈಗಳನ್ನೇ ನೋಡಿಕೊಂಡ. ಹೋಗಿ ಹಗ್ಗ ಸಡಿಲಿಸಿ ಬಂದ, ಆಮೇಲೆಯೇ ಬಾಯಿಬಿಟ್ಟ.

"ಆವತ್ತೂ ನಾನೇ ಹಿಡಿದೆ ಸ್ವಾಮಿ. ಮಗಳಿಗೆ ನೋವು ಶುರುವಾಗಿದೆ ಅಂತ ಹೇಳಿಕಳಿಸಿದ್ರು. ಓಡಿದೆ. ಕಾವಲಿನವನಿಗೆ ಹೇಳೋದೇ ಮರೆತೆ. ಗೊತ್ತಾದ್ರೆ ಕಂಪನಿಯವರು ಮನೆಗೆ ಕಳಿಸ್ತಾರೆ ಅಂತ..."

ಗೆಲುವು ಕೈಗೆ ಬಂದ ಗಳಿಗೆ. ಭಾವ ಕೇಳಿದ್ದೇನು? "ಮಗು ಚೆನ್ನಾಗಿದೆಯಾ?"

ಇಂಥ ಕಕ್ಷಿದಾರರನ್ನು ಕಟ್ಟಿಕೊಂಡು ನಾನು ವಕೀಲಿ ಮಾಡಬೇಕು!

ಏಪ್ರಿಲ್ ೨

ಗೆದ್ದೆವು! ವಾಡಿಕೆ ಸಾಬೀತು. ರಿಪೇರಿ ಖರ್ಚು ಕಂಪನಿಯದು, ಲೈಸೆನ್ಸ್ ಭಾವನದು. ಖುಷಿಗೆ ಅಕ್ಕ ನನ್ನ ಕೆನ್ನೆ ಹಿಂಡಿ ಹಿಂಡಿ ಕೆಂಪು ಮಾಡಿದಳು.

ಭಾವ ನೆಟ್ಟಗೆ ಕಂಪನಿಯ ಯಜಮಾನರ ಬಳಿ ಹೋದರಂತೆ. "ಅವರನ್ನ ತೆಗೆದ್ರೆ ನಾನು ಇನ್ಯಾರಿಗೆ ಹಗ್ಗ ಎಸೀಲಿ?" ಅಂದರಂತೆ. ಕ್ಯಾಪ್ಟನ್ ಉಳಿದರು. ಗದರಿಕೆ ಮಾತ್ರ ಸಿಕ್ಕಿತು.

ಮೇ ೩೦, ಸಂಜೆ

ಹಡಗು ಮತ್ತೆ ನೀರಿನಲ್ಲಿ! ನನ್ನ ಕೋಣೆ ಮತ್ತೆ ನನ್ನದು—ಆದರೆ ನಾನು ಅಲ್ಲಿಲ್ಲ. ಸ್ಟೀಮರಿನ ಡೆಕ್ಕಿನಲ್ಲಿ, ತೊಡೆಯ ಮೇಲೆ ಡೈರಿ.

ಆದದ್ದಿಷ್ಟು. ಖಾಲಿ ಇದ್ದದ್ದು ಇದರ ಹೊರಮಗ್ಗುಲೊಂದೇ. ಭಾವ ಹಗ್ಗ ಎಸೆದರು. ಕ್ಯಾಪ್ಟನ್ ಹಿಡಿದು ಕಟ್ಟಿದರು. ಕೈಕುಲುಕಲು ನಾನು ಭಾವನ ಹಡಗಿನಿಂದ ಈಚೆ ಹಾರಿಬಂದೆ. ಅದೇ ತಪ್ಪು.

"ಸರಿಯಾದ ಹೊತ್ತಿಗೆ ಬಂದ್ರಿ ಲಾಯರ್ ಸಾಹೇಬ್ರೇ. ಮೊಮ್ಮಗನ ಮುಖ ನೋಡ್ಕೊಂಡು ಬಂದ್ಬಿಡ್ತೀನಿ. ಈ ಸಲ ಹೇಳಿ ಹೋಗ್ತಿದೀನಿ. ಹಗ್ಗ ನಿಮ್ಮ ಕೈಲಿ."

"ಅಯ್ಯೋ, ನನಗೆ ಗಂಟು ಬಿಡಿಸೋಕೇ ಬರಲ್ಲ!"

"ಕೋರ್ಟಲ್ಲಿ ಅಷ್ಟು ಚೆನ್ನಾಗಿ ಬಿಡಿಸಿ ಬಿಡಿಸಿ ಹೇಳಿದ್ರಲ್ಲ!" ನಗುತ್ತ ಇಳಿದೇ ಹೋದರು.

ಆಚೆ ಹಡಗಿನಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ನೀರು ತಗ್ಗುತ್ತಿದೆ. ಹಗ್ಗ ಕೊಂಚ ಬಿಗಿ. ಪರವಾಗಿಲ್ಲ ಅನ್ನಿಸುತ್ತದೆ... ಕಿರ್ರ್ ಎನ್ನುತ್ತಿದೆ. ಭಾವ ಕೂಗುತ್ತಿದ್ದಾರೆ. ಬಂದೆ ಭಾವ, ಬಂದೆ, ಈ ಒಂದು ಸಾಲು ಮು—