ನೀನು ಹೇಳಿ ಬರೆಸಿದ ನಾಲ್ಕು ಸಾಲು

ಅಮ್ಮಾ,

ನಮ್ಮೂರ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬಂತು. ಇವತ್ತು ಬೆಳಿಗ್ಗೆ ಶಾಸಕರ ಆಪ್ತ ಸಹಾಯಕರೇ ಫೋನ್ ಮಾಡಿ ಹೇಳಿದರು.

ಎಂಟು ತಿಂಗಳು ನಾನು ಶಾಸಕರಿಗೆ ಉದ್ದುದ್ದ ಇಮೇಲ್ ಬರೆದೆ. ಅಂಕಿಅಂಶ, ಕೋಷ್ಟಕ, ತಜ್ಞರ ವರದಿ, ಎಲ್ಲವನ್ನೂ ತುರುಕಿದೆ. ಬಸ್ಸಿಳಿದು ಬಂದು ಮಂಚಕ್ಕೆ ಒರಗಿಕೊಂಡು ನೀನು ನಗುತ್ತಿದ್ದೆ.

"ಇಷ್ಟುದ್ದ ಯಾರೇ ಓದ್ತಾರೆ? ನಾನು ಹೇಳ್ತೀನಿ, ಬರ್ಕೋ. ನಮ್ಮಮ್ಮನಿಗೆ ಅರವತ್ತೆರಡು ವರ್ಷ. ವಾರಕ್ಕೆ ಮೂರು ಸಲ ಎರಡೆರಡು ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗ್ತಾರೆ. ವಾಪಸ್ ಬರೋವಾಗ ನಿಲ್ಲೋಕೂ ಆಗಲ್ಲ. ನಮ್ಮೂರಿಗೊಂದು ಯಂತ್ರ ಕೊಡಿ. ಅಷ್ಟೇ, ಮುಗೀತು."

ಬರೆದುಕೊಂಡೆ, ಕಳಿಸಲಿಲ್ಲ. ಮನೆಯ ಗೋಳನ್ನು ಹೊರಗಿನವರ ಮುಂದೆ ತೋಡಿಕೊಳ್ಳಲು ನನಗೆ ನಾಚಿಕೆ.

ನೀನು ತೀರಿಹೋದ ಹದಿನೈದನೇ ದಿನ ಕಳಿಸಿದೆ. ನೀನು ಹೇಳಿದ್ದರಲ್ಲಿ ಒಂದಕ್ಷರವನ್ನೂ ತಿದ್ದಲು ಕೈ ಬರಲಿಲ್ಲ. ಮರುದಿನವೇ ಉತ್ತರ ಬಂತು, ಎರಡು ತಿಂಗಳಲ್ಲಿ ಯಂತ್ರವೂ ಬಂತು.

"ಆ ನಾಲ್ಕು ಸಾಲು ಓದಿ ಸಾಹೇಬ್ರು ಆಗ್ಲೇ ಫೈಲ್ ತರಿಸ್ಕೊಂಡ್ರು ಮೇಡಂ," ಅಂದರು ಸಹಾಯಕರು. "ಸೋಮವಾರ ಅಮ್ಮನ್ನ ಕರ್ಕೊಂಡು ಬನ್ನಿ. ಮೊದಲ ಸರದಿ ಅವರದ್ದೇ."

"ಆಗಲಿ ಸರ್" ಅಂದುಬಿಟ್ಟೆ ಅಮ್ಮಾ.