ಅಣ್ಣನ ಕೈ ಸಡಿಲವಿರಲಿಲ್ಲ

ದಾಳಿಂಬ, ಉಮರ್ಗಾ ತಾಲೂಕು
ಬುಧವಾರ, 11 ಡಿಸೆಂಬರ್ 2024

ಋಷಿಕೇಶನಿಗೆ,

ನಿನ್ನ ಆಂಪ್ಲಿಫೈಯರಿನ ಸೋಲನ್ನು ನೀನು ನನ್ನ ಅಣ್ಣನ ಕೈಮೇಲೆ ಹೊರಿಸಿದೆ. ಅದೂ ಮನೆ ತುಂಬ ಅತಿಥಿಗಳ ಮುಂದೆ, ಅವನು ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂತು ಕೇಳುತ್ತಿರುವಾಗ. ಇದನ್ನು ಹೇಳಿದ ಮೇಲೆ ಕ್ಷೇಮ ಸಮಾಚಾರ ಕೇಳುವ ಮನಸ್ಸು ನನಗಿಲ್ಲ.

ಮೊಬೈಲಿಗೆ ಬರೆದರೆ ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ. ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಓದಲು ತಡವರಿಸುತ್ತೀಯ. ತಡವರಿಸಿಯೇ ಓದು. ಅಕ್ಷರ ಕಲಿಸಿದವಳು ನಾನೇ. ಪ್ರತಿಯಾಗಿ ನೀನು ನನಗೆ ಸ್ಪೀಕರು, ಆಂಪ್ಲಿಫೈಯರುಗಳ ವಿದ್ಯೆ ಕಲಿಸಿದೆ. ಆ ಪಾಠವನ್ನೇ ಇವತ್ತು ನಿನಗೆ ಒಪ್ಪಿಸುತ್ತಿದ್ದೇನೆ.

ಯಾವ ಸ್ಪೀಕರಿಗೆ ಯಾವ ಆಂಪ್ಲಿಫೈಯರ್ ಹೊಂದುತ್ತದೆಂದು ನಾನು ಕೇಳಿದಾಗ ನೀನು ನಿಮ್ಮ ಹೊಲದ ಮಾತಿನಲ್ಲೇ ಹೇಳಿದ್ದೆ: “ಸ್ಪೀಕರ್ ಅಂದ್ರ ಪೈಪು, ಆಂಪ್ಲಿಫೈಯರ್ ಅಂದ್ರ ಬಾವಿ ಮ್ಯಾಲಿನ ಮೋಟಾರ. ತೆಳ್ಳಗಿನ ದನಿಗೆ ಪೈಪು ಸಣ್ಣದಿರ್ತದ. ದಪ್ಪ ದನಿ ಬಂತಂದ್ರ ಪೈಪು ಅಗಲ ಆಗಿ ನೀರು ಎಳೀತದ. ಮೋಟಾರಕ್ಕ ದಮ್ ಇಲ್ಲಂದ್ರ ಧಾರಿ ಹರದು ಹರದು ಬೀಳ್ತದ ನೋಡು.” ಆಳೆತ್ತರದ ನಿನ್ನ ಸ್ಪೀಕರುಗಳು ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯುವ ಜಾತಿಯವು ಎಂದೂ ನೀನೇ ಹೇಳಿದ್ದೆ. ಅವುಗಳಿಗೆ ತಕ್ಕ ಕಪ್ಪು ಕಬ್ಬಿಣದ ಆಂಪ್ಲಿಫೈಯರ್ ನಿನ್ನ ಬಳಿ ಇತ್ತು. ಇಬ್ಬರು ಎತ್ತಬೇಕಾದ ಭಾರ.

ಆಮೇಲೆ ಪುಣೆಯ ಆಂಪ್ಲಿಫೈಯರ್ ಅಂಗಡಿಯವರು ಬಂದರು. ಗಾಜಿನ ಕೊಳವೆಯ ಆಂಪ್ಲಿಫೈಯರಿನಲ್ಲಿ ಮನುಷ್ಯರ ದನಿ ಹೂವಿನಂತೆ ಅರಳುತ್ತದೆ ಎಂದರು. ಕಬ್ಬಿಣದ್ದು ನಿಲಂಗಾದಲ್ಲಿರುವ ನಿನ್ನ ತಂಗಿ ಮೀನಲಳ ಮನೆ ಸೇರಿತು. ನಿನ್ನ ಮಾಳಿಗೆಯಲ್ಲಿ ಹಣತೆಗಳಂತೆ ಉರಿಯುವ ಪುಟ್ಟ ಪೆಟ್ಟಿಗೆ ಬಂದು ಕೂತಿತು. ನೋಡಲು ಚಂದವಿತ್ತು, ಸುಳ್ಳು ಹೇಳಲಾರೆ. ಇಷ್ಟು ಸಣ್ಣದು ಸಾಕಾಗುತ್ತದೆಯೇ ಎಂದು ಕೇಳಿದ್ದಕ್ಕೆ, “ನಿನ್ನ ಕರಪತ್ರದಂಗ ಒದರೂದು ಬ್ಯಾರೆ, ಹಾಡೂದು ಬ್ಯಾರೆ” ಎಂದು ಛೇಡಿಸಿದೆ. ಉಮರ್ಗಾ ಬಸ್ ನಿಲ್ದಾಣದಲ್ಲಿ ಹಂಚುವ ಹೋರಾಟದ ಕರಪತ್ರಗಳೇ ನನ್ನ ಕಾಲೇಜು ಎಂದು ನಿನಗೆ ಗೊತ್ತಲ್ಲ. ನಾನೂ ನಕ್ಕೆ.

ದಸರೆಗೆ ನಮ್ಮ ಬೀರಪ್ಪನ ಗುಡಿಯ ಮುಂದೆ ನೀನೇ ಮೈಕು ನೆಟ್ಟು ಬೀರಪ್ಪನ ಹಾಡನ್ನು ಮುದ್ರಿಸಿಕೊಂಡೆ. ನಮ್ಮಜ್ಜಿ ಬಂಡಮ್ಮ ಹಾಡಿದಳು, ಅಣ್ಣ ರೇವಣಸಿದ್ಧ ಡೊಳ್ಳು ಬಾರಿಸಿದ. ದೀಪಾವಳಿಯ ನಂತರ ಅದನ್ನು ಅತಿಥಿಗಳಿಗೆ ಕೇಳಿಸುತ್ತೇನೆಂದು ಉದಗೀರದ ನಿನ್ನ ಮನೆಗೆ ನಮ್ಮನ್ನೂ ಕರೆದೆ. ಅಣ್ಣ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದಿದ್ದ.

ಮೊದಲು ಅಜ್ಜಿಯ ದನಿಯಷ್ಟೇ. ಅವಳು ಉಗುಳು ನುಂಗಿದ್ದೂ ಕೇಳಿಸಿತು. ಎಲ್ಲರೂ ಕಣ್ಣು ಮುಚ್ಚಿದರು. ಡೊಳ್ಳು ಶುರುವಾದದ್ದೇ ಪೆಟ್ಟುಗಳು ಒದ್ದೆ ಗೋಣಿಯ ಮೇಲೆ ಬಡಿದಂತೆ ಒಂದಕ್ಕೊಂದು ಅಂಟಿಕೊಂಡವು. ನೀನು ದನಿ ಏರಿಸಿದೆ. ಅಜ್ಜಿಯ ಕೊರಳೂ ಕರಕಲಾಗಿ ಒಡೆಯಿತು. ಒಬ್ಬರು ಮುಖ ಕಿವುಚಿಕೊಂಡು, ಏನಿದು ಎಂದು ಕೇಳಿದರು.

ಮೋಟಾರಿಗೆ ದಮ್ಮಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಲಾತೂರು, ಬೀದರದ ಶ್ರೀಮಂತರು ನಿನ್ನ ಮಾತು ನಂಬಿಯೇ ಸ್ಪೀಕರಿಗೆ ಜೋಡಿ ಹುಡುಕುತ್ತಾರೆ. ನಿನ್ನ ಮನೆಯ ಜೋಡಿಯೇ ತಪ್ಪಿದೆ ಎಂದು ಅವರೆದುರು ಹೇಗೆ ಹೇಳುತ್ತೀಯ? ನೀನು ಹೇಳಿದ್ದು: “ಹಾಡು ಬಂಗಾರ ಅದ ರೀ. ಡೊಳ್ಳಿನಂವನ ಕೈ ಸಡ್ಲ ಅದ.”

ಅಣ್ಣ ತನ್ನ ಅಂಗೈ ನೋಡಿಕೊಂಡ. ನಾನದನ್ನು ನೋಡಿದೆ.

ಅಲ್ಲಿಗೂ ನಿಲ್ಲಲಿಲ್ಲ ನೀನು. ಡೊಳ್ಳನ್ನು ಪೂರ್ತಿ ಅಳಿಸಿ, ಹಾಡನ್ನು ‘ಸ್ವಚ್ಛ’ ಮಾಡಿ ಅಣ್ಣನ ಮೊಬೈಲಿಗೇ ಕಾಣಿಕೆಯಾಗಿ ಕಳಿಸಿದೆ. ನಮ್ಮಲ್ಲಿ ಬೀರಪ್ಪನ ಹಾಡಿಗೆ ಡೊಳ್ಳು ಸುಮ್ಮನಿರುವುದು ಸೂತಕದ ಮನೆಯಲ್ಲಿ ಮಾತ್ರ. ಅಣ್ಣ ಅದನ್ನು ಹಚ್ಚಿದಾಗ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದ ಅಜ್ಜಿ ತನ್ನದೇ ದನಿ ಕೇಳಿ ಮೊರ ಕೆಳಗಿಟ್ಟಳು. “ಯಾರ ಸತ್ತಾರೋ ರೇವಣ್ಯಾ? ಡೊಳ್ಳ ಯಾಕ ಬಡಿವಲ್ರು?”

“ಯಾರೂ ಸತ್ತಿಲ್ಲ ಆಯಿ. ಡೊಳ್ಳ ಬಡ್ಯಾಂವನ ಕೈ ಸಡ್ಲ ಆಗ್ಯಾದಂತ. ಅದಕ್ಕ ತಗದಾರ.”

ಅಂದೇ ಡೊಳ್ಳನ್ನು ಗೂಟಕ್ಕೆ ನೇತುಹಾಕಿ ಕಂಬಳಿ ಮುಚ್ಚಿದ. ಆಮೇಲಿನ ಭಾನುವಾರಗಳಲ್ಲಿ ಗುಡಿಗೂ ಹೋಗಿಲ್ಲ. ಪೂಜಾರಿ ಕರೆಯಲು ಬಂದರೆ ಕುರಿ ಹೊಡೆದುಕೊಂಡು ಊರಾಚೆ ಹೋಗುತ್ತಾನೆ. ಅಜ್ಜಿ ಹಾಡುವುದನ್ನೇ ಬಿಟ್ಟಿದ್ದಾಳೆ. ಮೊಮ್ಮಗ ಬದುಕಿರುವಾಗ ಸೂತಕದ ಹಾಡು ಹೇಳಲಾರಳಂತೆ.

ನಾನೂ ನಿನ್ನ ಮಾತು ನಂಬಿದ್ದೆ. ಎಷ್ಟು ಕರಪತ್ರ ಓದಿದರೇನು, ಇಷ್ಟವಾದವರ ಮಾತಿನ ಮುಂದೆ ನಮ್ಮ ಕಿವಿಯೇ ನಮಗೆ ಸಾಕ್ಷಿ ಹೇಳುವುದಿಲ್ಲ. ಹೋದ ವಾರ ನಿಲಂಗಾಕ್ಕೆ ಹೋದಾಗ ಮೀನಲ ಅದೇ ಹಾಡನ್ನು ನಿನ್ನ ಹಳೆಯ ಕಬ್ಬಿಣದ ಆಂಪ್ಲಿಫೈಯರಿಗೆ ಹಾಕಿದಳು. ನೀನು ದಸರೆಯಲ್ಲೇ ಅವಳಿಗೆ ಕಳಿಸಿದ್ದ, ಡೊಳ್ಳಿದ್ದ ಹಾಡು. ಪೆಟ್ಟುಗಳು ಬಂದವು. ಒಂದೊಂದೂ ಬಿಡಿಬಿಡಿಯಾಗಿ, ಕಲ್ಲಿನ ಮೇಲೆ ಕಲ್ಲಿಟ್ಟಂತೆ. ಅಜ್ಜಿ ಉಸಿರು ತೆಗೆದುಕೊಳ್ಳುವಲ್ಲಿ ಅಣ್ಣ ಕಾಯುತ್ತಾನೆ, ಅವಳು ಮತ್ತೆ ಎತ್ತಿಕೊಳ್ಳುವ ಮೊದಲೇ ಹಾದಿ ಹಾಸಿಡುತ್ತಾನೆ. ನಿನ್ನ ತಂಗಿಯಾಗಿ ಮೀನಲಳಿಗೆ ನಾಚಿಕೆಯಾಯಿತು.

ಆ ಹಾಡನ್ನು ತಂದು ಅಣ್ಣನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಕೇಳಿ, ಕಿತ್ತು ನನ್ನ ಕೈಗಿಟ್ಟ. “ಅಂವಾ ಶಾಣ್ಯಾ ಅದಾನ. ಅಷ್ಟು ದೊಡ್ಡ ಸ್ಪೀಕರದಾಗ ತಪ್ಪು ಕಾಣ್ತದ. ಈ ಕಿವಿ ಬೂಚದಾಗ ಏನ್ ಕಾಣ್ತದ?”

ಇದು ನನಗೆ ಉರಿ ತರುತ್ತದೆ, ಋಷಿಕೇಶ. ಹೊಲವುಳ್ಳವನ ಕಿವಿ ತಪ್ಪಲಾರದು, ಕುರಿ ಕಾಯುವವನ ಕೈಯೇ ತಪ್ಪಿರಬೇಕು. ಈ ನ್ಯಾಯವನ್ನು ಕರಪತ್ರಗಳಲ್ಲಿ ಓದಿದಾಗ ಶತ್ರು ಎಲ್ಲೋ ದೂರವಿದ್ದಾನೆಂದುಕೊಂಡಿದ್ದೆ. ಅವನು ನನಗೆ ಚಹಾ ಸೋಸಿ ಕೊಡುತ್ತಾನೆ, ನನ್ನ ಕೈ ಹಿಡಿದು ವೈರು ಜೋಡಿಸುವುದನ್ನು ಕಲಿಸುತ್ತಾನೆ ಎಂದು ಯಾವ ಕರಪತ್ರವೂ ಬರೆದಿರಲಿಲ್ಲ. ನನ್ನ ಮಾತು, ಮೀನಲಳ ಮಾತು ಅಣ್ಣನಿಗೆ ಸಾಲದು. ಅವನ ಕೈಯನ್ನು ಅವನಿಗೆ ಮರಳಿಸಲು ನಿನ್ನ ಬಾಯಿಯೇ ಬೇಕು.

ಆದ್ದರಿಂದ ಭಾನುವಾರ ನಾವು ಬರುತ್ತೇವೆ. ನಿಲಂಗಾದಿಂದ ಕಬ್ಬಿಣದ ಆಂಪ್ಲಿಫೈಯರನ್ನು ಜೀಪಿನಲ್ಲಿ ತರುತ್ತೇವೆ. ಮೀನಲ ಒಪ್ಪಿದ್ದಾಳೆ. ಅವತ್ತು ಇದ್ದ ಅತಿಥಿಗಳನ್ನೇ ಕರೆದಿರು. ಅದೇ ಸ್ಪೀಕರು, ಅದೇ ಹಾಡು, ಡೊಳ್ಳಿನ ಸಮೇತ. ಹಾಡು ಮುಗಿದ ಮೇಲೆ ತಪ್ಪು ಎಲ್ಲಿತ್ತೆಂದು ನೀನು ಅವರ ಮುಂದೆ, ಕನ್ನಡದಲ್ಲಿ ಹೇಳಬೇಕು. ಅಣ್ಣನನ್ನು ಬಾಗಿಲ ಬಳಿ ಕೂರಿಸಬೇಡ. ಎರಡು ಸ್ಪೀಕರುಗಳ ಎದುರು ನಡುವೆ ಹಾಕುತ್ತೀಯಲ್ಲ ಒಂದೇ ಕುರ್ಚಿ, ಅದರಲ್ಲಿ ಕೂರಿಸು.

ಏನು ನಡೆಯಲಿದೆ ಎಂದು ಅವನಿಗೆ ಹೇಳಿಲ್ಲ. ಪೆಟ್ಟಿಗೆ ಭಾರವಿದೆ, ಎತ್ತಲು ಬಾ ಎಂದಷ್ಟೇ ಕರೆದೆ. “ಎತ್ತೂದು ಬರ್ತದ ನನ್ನ ಕೈಗೆ” ಎಂದ. ಗೂಟದ ಮೇಲಿನ ಡೊಳ್ಳನ್ನು ನಾನೇ ಚೀಲದಲ್ಲಿ ಹೊತ್ತು ತರುತ್ತೇನೆ.

ಇಂತಿ,
ವಿಜಯಶ್ರೀ

ತಾ.ಕ.: ಅವತ್ತು ಅಣ್ಣನನ್ನು ಉದಗೀರಕ್ಕೆ ಕರೆತಂದದ್ದು ಹಾಡು ಕೇಳಿಸಲಿಕ್ಕೆ ಮಾತ್ರವಲ್ಲ. ಶ್ರಾವಣದಲ್ಲಿ ನೀನು ನನ್ನನ್ನು ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಅವನು ನಿನ್ನ ಮನೆಯಲ್ಲಿ ನಿನ್ನನ್ನೊಮ್ಮೆ ನೋಡಲಿ ಎಂದಿದ್ದೆ. ಮರಳುವ ಬಸ್ಸಿನಲ್ಲಿ ಅವನು ಕಿಟಕಿಯಾಚೆ ನೋಡುತ್ತಾ ಕೂತಿದ್ದ. ನಿಲಂಗಾ ದಾಟಿದ ಮೇಲೆ, ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡೇ, ಹೇಳಿದ: “ಹುಡುಗ ಛಲೋ ಅದಾನ. ಹೂಂ ಅನ್ನು.” ನಾನು ಅನ್ನಲಿಲ್ಲ, ಇನ್ನು ಅನ್ನುವುದೂ ಇಲ್ಲ. ಆ ಆಸೆಯಿಂದ ಬಾಗಿಲು ತೆರೆಯಬೇಡ, ಅವನಿಗಾಗಿ ತೆರೆ. ಡಿಸೆಂಬರ್ ಹದಿನೈದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.