ಸೈಲೆನ್ಸರ್ ಇಲ್ಲದ ಫೋರ್ಡ್

ಮುಸಫ್ಫಾ, ಅಬುಧಾಬಿ
೧೨ ನವೆಂಬರ್ ೧೯೯೯, ಶುಕ್ರವಾರ

ಪ್ರೀತಿಯ ಮಗಳು ಸುಮೀನಾಳಿಗೆ,

ಅಸ್ಸಲಾಮು ಅಲೈಕುಂ. ನಾನಿಲ್ಲಿ ಕ್ಷೇಮ. ನೀನೂ ನಿನ್ನ ಉಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದು, ಆದರೆ ನಿಜ ಅದಲ್ಲ. ದಿಂಬಿನಡಿ ಇಟ್ಟುಕೊಂಡು ದಿನವೂ ಓದುತ್ತಿದ್ದೆ, ಪೆನ್ನು ಹಿಡಿಯಲು ಧೈರ್ಯ ಬರಲಿಲ್ಲ. "ಸಾಯುವ ಹನ್ನೊಂದು ದಿನ ಮೊದಲು ಅಜ್ಜಿ ನಿಮ್ಮ ಹತ್ತಿರ ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದರು. ನೀವು ಬರೀ ಹೂಂ ಹೂಂ ಅಂದಿರಿ. ಆಮೇಲೆ ಕೊಟ್ಟ ಮಾತನ್ನೂ ನಡೆಸಲಿಲ್ಲ. ನಿಮ್ಮ ಎದೆ ತಗಡಾಗಿದೆ ಉಪ್ಪ" ಎಂದು ಬರೆದಿದ್ದೀ. ಕಾರಿನ ತಗಡು ಬಡಿದು ಬದುಕುವವನಿಗೆ ತಕ್ಕ ಬೈಗುಳವನ್ನೇ ಹುಡುಕಿದ್ದೀ, ಟೀಚರ್ ಟ್ರೈನಿಂಗ್ ವ್ಯರ್ಥವಾಗಲಿಲ್ಲ.

ಅದಕ್ಕೆ ಉತ್ತರ ಕೊಡುತ್ತೇನೆ. ಮೊದಲು ಒಂದು ಕಾರಿನ ಸಂಗತಿ ಕೇಳು. ನಿನಗೆ ಬೇಸರವಾಗುತ್ತದೆಂದು ಗೊತ್ತು, ಆದರೂ ಓದು.

ಜುಲೈಯಲ್ಲಿ ಎಣ್ಣೆ ಕಂಪನಿಯ ಒಬ್ಬ ಮುದುಕ ಅಮೆರಿಕದವ, ಡೆಲ್ ಸಾಹೇಬ, ೧೯೩೨ರ ಫೋರ್ಡ್ ಕಾರೊಂದನ್ನು ಲಾರಿಯಲ್ಲಿ ತಂದು ನಮ್ಮ ಗ್ಯಾರೇಜಿನಲ್ಲಿ ಇಳಿಸಿದ. ಹೊಸದರಂತೆ ಮಾಡಿಕೊಡಬೇಕೇನೋ ಎಂದುಕೊಂಡೆ. ಅವನು ಹೇಳಿದ್ದೇ ಬೇರೆ. ಮಡ್ಗಾರ್ಡ್ ಕಿತ್ತು ಹಾಕಬೇಕಂತೆ, ತಲೆಮೇಲಿನ ಮಾಡನ್ನು ಮೂರು ಇಂಚು ಕತ್ತರಿಸಿ ತಗ್ಗಿಸಬೇಕಂತೆ, ಬೇರೆ ಕಾರಿನ ದೊಡ್ಡ ಇಂಜಿನ್ ಕೂರಿಸಬೇಕಂತೆ, ಸೈಲೆನ್ಸರ್ ಬೇಡವೇ ಬೇಡವಂತೆ! ಇಪ್ಪತ್ತೆರಡು ವರ್ಷ ಹಾಳಾದದ್ದನ್ನು ಸರಿ ಮಾಡಿದವನಿಗೆ, ಸರಿ ಇದ್ದುದನ್ನು ಕೊಯ್ಯಲು ಹೇಳಿದರೆ ಹೇಗಿರುತ್ತದೆ?

"ಇವನಿಗೆ ತಲೆ ಸಮ ಉಂಟಾ?" ಎಂದು ಕ್ಯಾಮಿಲಸ್‌ನನ್ನು ಕೇಳಿದೆ. ನನ್ನ ರೂಮಿನವ, ಶಿರ್ವದ ಪೇಂಟರ್, ನಿನಗೆ ಗೊತ್ತಲ್ಲ. ಅವನು ನನ್ನ ಮುಖಕ್ಕೆ ಮುಖ ಕೊಟ್ಟು ಜೋರಾಗಿ ಹೇಳಿದ: "ಇದಕ್ಕೆ ಹಾಟ್ ರಾಡ್ ಹೇಳುದು ಮಾರಾಯ. ಅವರ ಊರಲ್ಲಿ ಇದೊಂದು ದೊಡ್ಡ ಮರ್ಲ್!"

ಡೆಲ್ ಸಾಹೇಬನ ಅಣ್ಣನಿಗೂ ಆ ಮರುಳು ಹಿಡಿದಿತ್ತಂತೆ. ಕ್ಯಾಲಿಫೋರ್ನಿಯದಲ್ಲಿ ನೀರು ಬತ್ತಿದ ಕೆರೆಗಳಿವೆಯಂತೆ, ಇಲ್ಲಿನ ಉಪ್ಪುನೆಲದ ಹಾಗೆ ಸಪಾಟು. ಬಡ ಹುಡುಗರು ಹಳೆಯ ಫೋರ್ಡುಗಳ ಭಾರ ಇಳಿಸಿ ಅಲ್ಲಿ ಓಡಿಸುತ್ತಿದ್ದರಂತೆ. ದೊಡ್ಡ ಯುದ್ಧ ಮುಗಿಸಿ ಬಂದ ಸೈನಿಕರಿಗೆ ಮನೆಯಲ್ಲಿ ಕೂರಲು ಆಗಲಿಲ್ಲ, ಅವರೂ ಸೇರಿಕೊಂಡರು. ಆಮೇಲೆ ಸಿನಿಮಾ, ಹಾಡು, ಪತ್ರಿಕೆ ಎಲ್ಲದರಲ್ಲಿ ಅದೇ. ಇಲ್ಲಿನ ಅರಬಿ ಹುಡುಗರು ಪಿಕಪ್ಪಿನ ಸೈಲೆನ್ಸರ್ ಕಿತ್ತು ಮರಳಗುಡ್ಡ ಹತ್ತಿಸುವುದು, ನಮ್ಮ ಉಳ್ಳಾಲದ ಹುಡುಗರು ಬೈಕಿನಲ್ಲಿ ಊರಿಡೀ ಎಬ್ಬಿಸುವುದು, ಎಲ್ಲಾ ಒಂದೇ ಜಾತಿಯ ಹುಚ್ಚು ಎಂದು ಕ್ಯಾಮಿಲಸ್ ಹೇಳುತ್ತಾನೆ.

ನಮ್ಮ ಕೆಲಸ ಹೇಗೆಂದರೆ, ತಗಡಿನ ಒಳಗಿನಿಂದ ಒಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಹೊರಗಿನಿಂದ ಇನ್ನೊಬ್ಬ ಸುತ್ತಿಗೆ ಹೊಡೆಯಬೇಕು. ಪೆಟ್ಟು ಗಟ್ಟಿಯ ಮೇಲೆ ಬಿದ್ದರೆ ಟಣ್ ಎನ್ನುತ್ತದೆ, ತಪ್ಪಿದರೆ ಡಬ್. ಈ ಸಲ ನಾನು ಪ್ರತಿ ಪೆಟ್ಟಿಗೂ ಅಂಗೈಯಿಂದ ಸವರಿ ನೋಡಿದೆ. ಹಿಂದಾದರೆ ಒಂದು ತಿಂಗಳ ಕೆಲಸ, ನಾಲ್ಕು ತಿಂಗಳು ಹಿಡಿಯಿತು.

ಕತ್ತರಿಸಿದ ಮಾಡನ್ನು ಬೆಸೆಯುತ್ತಿದ್ದ ದಿನವೇ ಊರಿನಿಂದ ಫೋನ್ ಬಂದದ್ದು. ಕ್ಯಾಮಿಲಸ್ ಎತ್ತಿಕೊಂಡ. ಬಂದವನೇ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ, ನನ್ನ ಉಮ್ಮ ಹೋದರೆಂದು ಅರ್ಥವಾಯಿತು. ಆ ಸಂಜೆಯೇ ಅಲ್ಲಿ ಮಣ್ಣು ಮಾಡಿಯಾಗುತ್ತದೆ, ಯಾವ ವಿಮಾನ ಹತ್ತಿದರೂ ಉಮ್ಮನ ಮುಖ ಸಿಗುವುದಿಲ್ಲ. ಮಯ್ಯತ್ತಿಗೆ ಹೆಗಲು ಕೊಡದ ಮಗ ನಾನು. ಕಾರಿನಡಿಗೆ ನುಗ್ಗಿ ಅತ್ತೆ ಮಗಳೇ, ಯಾರಿಗೂ ಕಾಣದ ಜಾಗ ಅದೊಂದೇ.

ಮೊನ್ನೆ ಸೋಮವಾರ ಕಾರು ಸ್ಟಾರ್ಟ್ ಮಾಡಿದರು. ಬಾನೆಟ್ಟಿನ ಮೇಲೆ ಕ್ಯಾಮಿಲಸ್ ಬರೆದ ಬೆಂಕಿಯ ನಾಲಗೆಗಳು, ಕೆಳಗೆ ಬತ್ತಲೆ ಪೈಪುಗಳು. ಡೆಲ್ ಸಾಹೇಬ "ಯಲ್ಲಾ!" ಎಂದು ಕೀಲಿ ತಿರುಗಿಸಿದ. ಗ್ಯಾರೇಜಿನವರೆಲ್ಲ ಕಿವಿ ಮುಚ್ಚಿಕೊಂಡು ಹಿಂದೆ ಓಡಿದರು. ನಾನು ಓಡಲಿಲ್ಲ. ನನಗದು ಬಹಳ ಹಿತವಾಗಿತ್ತು, ಪೈಪಿನ ಹತ್ತಿರವೇ ನಿಂತು ಕಣ್ಣೀರು ಹಾಕಿದೆ. ಕ್ಯಾಮಿಲಸ್ ನನ್ನನ್ನೇ ನೋಡುತ್ತಿದ್ದ. ರೂಮಿಗೆ ಬಂದ ಮೇಲೆ ನನ್ನ ಮುಂದೆ ಕೂತು, "ಇನ್ನು ಸಾಕು ಮೊಯ್ದಿನಬ್ಬ. ಮಗಳಿಗೆ ಬರೆ" ಎಂದ.

ನಿನ್ನ ಉಮ್ಮನಿಗೆ ಸಲಾಂ ಹೇಳು. ಪರೀಕ್ಷೆ ಚೆನ್ನಾಗಿ ಬರೆ. ಅಲ್ಲಾಹನು ನಿನಗೆ ಆಯುಸ್ಸು, ಆರೋಗ್ಯ ಕೊಡಲಿ. ಕಬರಸ್ತಾನದ ದಾರಿಯಲ್ಲಿ ಹೋಗುವಾಗ ನನ್ನ ಪಾಲಿನದ್ದೂ ಒಂದು ದುವಾ ಮಾಡು.

ನಿನ್ನ ಉಪ್ಪ,
ಮೊಯ್ದಿನಬ್ಬ

ತಾ.ಕ.: ಮೂರು ವರ್ಷಗಳಲ್ಲಿ ನಾನು ಸರಿಯಾಗಿ ಕೇಳಿಸಿಕೊಂಡ ಸದ್ದು ಆ ಕಾರಿನದ್ದೊಂದೇ. ನನ್ನ ಕಿವಿ ಹೋಗಿದೆ ಮಗಳೇ. ಸುತ್ತಿಗೆಯ ಸದ್ದೇ ತಿಂದುಹಾಕಿತು. ಗ್ಯಾರೇಜಿನ ಧಣಿ ಅರ್ಬಾಬನಿಗೆ ತಿಳಿದರೆ ಕೆಲಸ ಖಲಾಸ್ ಎಂದು ಯಾರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಕ್ಯಾಮಿಲಸ್ ಮಾತ್ರ ತಾನಾಗಿಯೇ ಕಂಡುಹಿಡಿದ. ಆ ದಿನ ಫೋನಿನಲ್ಲಿ ನನಗೆ ಗುಂಯ್ ಎನ್ನುವುದಷ್ಟೇ ಕೇಳಿಸಿತು. ಅದು ನಿಂತಾಗಲೆಲ್ಲ ಹೂಂ ಅಂದೆ. ಉಮ್ಮನ ಒಂದು ಮಾತೂ ನನಗೆ ಸಿಗಲಿಲ್ಲ. ಅವರಿಗೆ ರಿಸೀವರ್ ಹಿಡಿದು ಪಕ್ಕದಲ್ಲಿದ್ದವಳು ನೀನು. ಅವರು ಹೇಳಿದ್ದನ್ನೆಲ್ಲ ನಮ್ಮ ಬ್ಯಾರಿ ಭಾಷೆಯಲ್ಲೇ, ಅವರು ಹೇಳಿದ ಹಾಗೆಯೇ ಬರೆದು ಕಳುಹಿಸು. ನಾನು ಕೊಟ್ಟ ಮಾತು ಯಾವುದು ಎಂಬುದನ್ನೂ ಬರೆ. ನನಗೆ ಗೊತ್ತಿಲ್ಲ.